ಅರೀಥಾ ಕೊಟ್ಟ ಲೆಕ್ಕ

ಕಳೆದ ದೀಪಾವಳಿಗೆ ಅಮೆರಿಕದ ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಊಟವಿತ್ತು. ಮೇಲೆ ನಾವು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರೆ ಕೆಳಗೆ ಬೇಸ್‌ಮೆಂಟಿನಲ್ಲಿ ಮಕ್ಕಳು ರ‍್ಯಾಪ್ ಹಾಕಿಕೊಂಡಿದ್ದರು. ಅದರ ಗುದ್ದಿಗೆ ಟೇಬಲ್ ಮೇಲಿನ ಸ್ಟೀಲ್ ಲೋಟ ಸಣ್ಣಗೆ ನಡುಗುತ್ತಿತ್ತು. ಹಿರಿಯರೊಬ್ಬರು ತಡೆಯಲಾರದೆ ಶುರುಮಾಡಿದರು. "ಏನ್ರೀ ಇದು, ಬರೀ ಬೈಗುಳ. ಕೋಟಿಗಟ್ಟಲೆ ದುಡೀತಾರೆ, ತಮ್ಮ ಜನಕ್ಕೆ ಒಂದು ಒಳ್ಳೆ ಮಾತು ಹೇಳಬಾರದಾ? ಜವಾಬ್ದಾರಿ ಅನ್ನೋದೇ ಇಲ್ಲ ಈ ಕರಿಯರಿಗೆ. ನಮ್ಮ ಅಣ್ಣಾವ್ರನ್ನ ನೋಡಿ, ಸಿನಿಮಾದಲ್ಲಿ ಒಂದು ಸಿಗರೇಟು ಹಚ್ಚಲಿಲ್ಲ." ಸುತ್ತ ಕೂತಿದ್ದವರೆಲ್ಲ ಹೂಂಗುಟ್ಟಿದರು. ನಾನೂ ಗುಟ್ಟಿದೆ. ಹತ್ತು ವರ್ಷದ ಹಿಂದೆ ಆಗಿದ್ದರೆ ಮನಸಾರೆ ಗುಟ್ಟುತ್ತಿದ್ದೆ. ಈಗ ಹಬ್ಬದ ಮನೆಯಲ್ಲಿ ಜಗಳ ಬೇಡವೆಂದು ಗುಟ್ಟಿದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಳವಳ್ಳಿ ಕಡೆಯವನು. ಡೆಟ್ರಾಯಿಟ್ ಸುತ್ತಿನ ಕಾರಿನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿ ಹದಿನೇಳು ವರ್ಷ ಆಯಿತು. ನಮ್ಮವರು ಬಹುಪಾಲು ನೋವೈ, ಟ್ರಾಯ್, ಕ್ಯಾಂಟನ್ ಕಡೆ ಇದ್ದೇವೆ. ಒಳ್ಳೆ ಶಾಲೆ, ಹತ್ತಿರದಲ್ಲೇ ದೇವಸ್ಥಾನ, ಇಂಡಿಯನ್ ಅಂಗಡಿಯಲ್ಲಿ ರಾಗಿ ಹಿಟ್ಟು. ಡೆಟ್ರಾಯಿಟ್ ಊರೊಳಗೆ ನಾವು ಹೋಗುವುದು ಏರ್‌ಪೋರ್ಟಿನಿಂದ ಬಂದ ಅಪ್ಪ ಅಮ್ಮನಿಗೆ ನದಿ ತೋರಿಸಲು. ಎಯ್ಟ್ ಮೈಲ್ ರಸ್ತೆ ಅಂದರೆ ಊರಿಗೂ ಉಪನಗರಕ್ಕೂ ನಡುವಿನ ಗೆರೆ. ನಮ್ಮ ಪಾಲಿಗೆ ಅದು ಕೇರಿಯ ಗಡಿ ಇದ್ದ ಹಾಗೆ. ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಊರಿನ ನಡುವೆ ಐ-375 ಎಂಬ ಒಂದು ಹೆದ್ದಾರಿ ಇದೆ. ಉದ್ದ ಹೆಚ್ಚುಕಡಿಮೆ ಒಂದೇ ಮೈಲಿ. ಕಾರಿನಲ್ಲಿ ಒಂದು ಹಾಡಿನ ಪಲ್ಲವಿ ಮುಗಿಯುವಷ್ಟರಲ್ಲಿ ದಾಟಿಹೋಗುತ್ತದೆ. ಅದು ಹೇಸ್ಟಿಂಗ್ಸ್ ಸ್ಟ್ರೀಟ್ ಇದ್ದ ಜಾಗದಲ್ಲಿ ಹೋಗುತ್ತದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಎಂದು ಕರೆಯುತ್ತಿದ್ದ ಕಪ್ಪು ಜನರ ಬಡಾವಣೆಗಳ ನಡುಬೀದಿ ಅದು. ಕ್ಷೌರದಂಗಡಿ, ಹೋಟೆಲು, ರಾತ್ರಿಯಿಡೀ ಬ್ಲೂಸ್ ನುಡಿಸುವ ಕ್ಲಬ್ಬು, ಅದರ ಪಕ್ಕದಲ್ಲೇ ಚರ್ಚು. ಸಿ.ಎಲ್. ಫ್ರಾಂಕ್ಲಿನ್ ಎಂಬ ಪಾದ್ರಿಯ ನ್ಯೂ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚು ಇದ್ದದ್ದು ಆ ಬೀದಿಯಲ್ಲೇ. ಅದೇ ಬೀದಿಯಲ್ಲಿ ಜೋ ವಾನ್ ಬ್ಯಾಟಲ್ ಎನ್ನುವವರು ಒಂದು ರೆಕಾರ್ಡ್ ಅಂಗಡಿ ಇಟ್ಟಿದ್ದರು. ಫ್ರಾಂಕ್ಲಿನ್ನರ ಪ್ರವಚನಗಳನ್ನು ಧ್ವನಿಮುದ್ರಿಸಿ ಮಾರುತ್ತಿದ್ದರು. 1956ರಲ್ಲಿ ಪಾದ್ರಿಯ ಮಗಳು ಚರ್ಚಿನಲ್ಲಿ ಹಾಡಿದ್ದನ್ನೂ ಮುದ್ರಿಸಿದರು. ಆಕೆಗೆ ಆಗ ಹದಿನಾಲ್ಕು ವರ್ಷ. ಹೆಸರು ಅರೀಥಾ.

ಬೀದಿಯನ್ನು ಬುಲ್ಡೋಜರ್ ಕೆಡವಿತು. ಅಂಗಡಿ ಟ್ವೆಲ್ಫ್ತ್ ಸ್ಟ್ರೀಟಿಗೆ ಹೋಯಿತು, ಚರ್ಚು ಲಿನ್‌ವುಡ್ ರಸ್ತೆಗೆ ಹೋಯಿತು. 1967ರ ಜುಲೈನಲ್ಲಿ ಟ್ವೆಲ್ಫ್ತ್ ಸ್ಟ್ರೀಟಿನಲ್ಲೇ ಪೊಲೀಸ್ ದಾಳಿಯಿಂದ ದಂಗೆ ಎದ್ದು 43 ಜನ ಸತ್ತರು. ಬ್ಯಾಟಲ್ ಅವರ ಅಂಗಡಿಯೂ ಆಗಲೇ ಹಾಳಾಯಿತು. ಒಂದು ಊರಿನ ಹಾಡಿನ ಉಗ್ರಾಣವನ್ನು ಮೊದಲು ಸರ್ಕಾರ ಒಕ್ಕಲೆಬ್ಬಿಸಿತು, ಉಳಿದದ್ದನ್ನು ಬೆಂಕಿ ತಿಂದಿತು. ಅದರ ಮೇಲೆ ನಾನು ಎಷ್ಟೋ ಸಲ ಎಪ್ಪತ್ತರ ವೇಗದಲ್ಲಿ ಕಾರು ಓಡಿಸಿಕೊಂಡು ಹೋಗಿ "ಈ ಜನ ತಮ್ಮ ಊರನ್ನು ಯಾಕೆ ಹೀಗಿಟ್ಟುಕೊಂಡಿದ್ದಾರೆ" ಎಂದುಕೊಳ್ಳುತ್ತಿದ್ದೆ.

ಆ ಅರೀಥಾ ಫ್ರಾಂಕ್ಲಿನ್ 1970ರ ಹೊತ್ತಿಗೆ ಅಮೆರಿಕ ಬಲ್ಲ ಗಾಯಕಿಯಾಗಿದ್ದರು. ಆ ವರ್ಷ ಆಂಜೆಲಾ ಡೇವಿಸ್ ಎಂಬ ಕಪ್ಪು ಅಧ್ಯಾಪಕಿ, ಕಮ್ಯುನಿಸ್ಟ್, ಕೊಲೆಗೆ ಸಂಬಂಧಿಸಿದ ಆರೋಪದ ಮೇಲೆ ಸೆರೆಯಾದರು. ಅವರ ಜಾಮೀನಿನ ಹಣ ನಾನು ಕಟ್ಟುತ್ತೇನೆ, ಲಕ್ಷ ಡಾಲರ್ ಆಗಲಿ ಎರಡೂವರೆ ಲಕ್ಷ ಆಗಲಿ ಎಂದು ಅರೀಥಾ 'ಜೆಟ್' ಪತ್ರಿಕೆಗೆ ಹೇಳಿದರು. ಅಪ್ಪನಿಗೆ ಇದು ಒಪ್ಪಿಗೆಯಿಲ್ಲ, ಅವರ ಮೇಲೆ ಗೌರವ ಇದೆ, ಆದರೂ ನನ್ನ ಮಾತಿಗೆ ನಾನು ನಿಲ್ಲುತ್ತೇನೆ ಎಂದರು. ಕಾರಣವಾಗಿ ಕೊಟ್ಟದ್ದು ಒಂದು ಲೆಕ್ಕ: ನನ್ನ ಹತ್ತಿರ ದುಡ್ಡಿದೆ, ಅದು ಕಪ್ಪು ಜನರಿಂದ ಬಂದದ್ದು, ನನ್ನನ್ನು ಈ ಸ್ಥಿತಿಗೆ ತಂದವರು ಅವರು, ಹಾಗಾಗಿ ಅದು ಅವರ ಉಪಯೋಗಕ್ಕೇ ಹೋಗಬೇಕು.

ಕೊನೆಗೆ 1972ರಲ್ಲಿ ಜಾಮೀನು ಸಿಕ್ಕಾಗ ಅರೀಥಾ ದೇಶದಲ್ಲಿರಲಿಲ್ಲ. ಕ್ಯಾಲಿಫೋರ್ನಿಯಾದ ಒಬ್ಬ ಬಿಳಿಯ ಹೈನುಗಾರ ತನ್ನ ಜಮೀನು ಒತ್ತೆಯಿಟ್ಟು ಆಂಜೆಲಾರನ್ನು ಬಿಡಿಸಿದ. ಜಮೀನು ಒತ್ತೆ ಇಡುವುದು ಎಂದರೆ ಏನು ಎಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಆದರೆ ನನ್ನ ತಲೆಯಲ್ಲಿ ಕೂತದ್ದು ಅರೀಥಾರ ಲೆಕ್ಕವೇ. ನಾನು ಉದಾರಿ, ಸಮಾಜಸೇವೆ ಮಾಡುತ್ತೇನೆ ಎಂಬ ಧಾಟಿ ಅದರಲ್ಲಿ ಇಲ್ಲ. ಅಂಗಡಿಯವನು ಪುಸ್ತಕ ತೆಗೆದು ಬಾಕಿ ಓದಿದ ಹಾಗಿದೆ. ದುಡ್ಡು ಎಲ್ಲಿಂದ ಬಂತೋ ಅಲ್ಲಿಗೆ.

ಈ ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ಪುಸ್ತಕದಲ್ಲಿ ಓದಿದರೆ ನನಗೆ ತಿಳಿಯುತ್ತಿರಲಿಲ್ಲ. ನಮ್ಮ ಲೈನಿನಲ್ಲಿ ಇನ್‌ಸ್ಪೆಕ್ಷನ್ ಮಾಡುತ್ತಿದ್ದ ಒಬ್ಬ ಹೆಂಗಸು ಇದ್ದರು, ಈಗ ನಿವೃತ್ತರು. ಮನಸ್ಸಿನಲ್ಲಿ ಅವರನ್ನು ದೊಡ್ಡಮ್ಮ ಎಂದೇ ಕರೆದುಕೊಳ್ಳುತ್ತೇನೆ. ಅಳತೆಯಲ್ಲಿ ಕೂದಲೆಳೆ ತಪ್ಪಿದ್ದರೂ ಬೆರಳು ಸವರಿ ಹೇಳುತ್ತಿದ್ದರು, ನಮ್ಮ ಗೇಜು ಆಮೇಲೆ ಒಪ್ಪಿಕೊಳ್ಳುತ್ತಿತ್ತು. ಕೆಲಸದ ನಡುವೆ ಗುನುಗುತ್ತಿದ್ದರು. ಚೆನ್ನಾಗಿ ಹಾಡ್ತೀರಿ ಎಂದೆ. "ಇದು ಹಾಡೋದಲ್ಲ ಬೇಬಿ, ಹಾಡು ಕೇಳಬೇಕಾದರೆ ಭಾನುವಾರ ಬಾ" ಎಂದರು. ಹೋದೆ.

ಜೂನ್ ತಿಂಗಳು, ಒಳಗೆ ಸೆಕೆ. ಬೆಂಚಿನ ಮೇಲೆ ರಟ್ಟಿನ ಬೀಸಣಿಗೆಗಳು. ಒಂದು ಕಡೆ ಮಾರ್ಟಿನ್ ಲೂಥರ್ ಕಿಂಗ್ ಚಿತ್ರ, ಇನ್ನೊಂದು ಕಡೆ ಹೆಣದ ಸಂಸ್ಕಾರ ಮಾಡಿಕೊಡುವ ಅಂಗಡಿಯ ಜಾಹೀರಾತು. ಹೆಂಗಸರ ಟೋಪಿಗಳು ಒಂದೊಂದೂ ಒಂದೊಂದು ರಥ. ಒಂದು ತಾಸಾದ ಮೇಲೆ ಹನ್ನೊಂದೋ ಹನ್ನೆರಡೋ ವರ್ಷದ ಹುಡುಗ ಎದ್ದು ಮೈಕಿನ ಮುಂದೆ ನಿಂತ. ಅಳತೆಗಿಂತ ದೊಡ್ಡದಾದ ಕೋಟು, ತೋಳು ಬೆರಳುಗಳನ್ನು ಮುಚ್ಚಿತ್ತು. ಮೊದಲ ಸಾಲು ಹಾಡಿದ, ಎರಡನೆಯದಕ್ಕೆ ಗಂಟಲು ಕಟ್ಟಿತು. ನಿಂತುಬಿಟ್ಟ. ನನ್ನ ಹೊಟ್ಟೆ ಹಿಂಡಿತು, ಮಗನ ಶಾಲೆಯ ಕಾರ್ಯಕ್ರಮದಲ್ಲಿ ಆಗುವ ಹಾಗೆ.

ಮುಂದಿನ ಸಾಲಿನಿಂದ ಒಬ್ಬ ಮುದುಕಿ ಗಟ್ಟಿಯಾಗಿ, "ನಿಧಾನ, ಕಂದಾ. ನಿಧಾನಕ್ಕೆ ತಗೋ" ಎಂದರು. ಇನ್ನೆಲ್ಲಿಂದಲೋ "ಹೂಂ, ನಾವಿದ್ದೀವಿ" ಎಂದಿತು. ಆರ್ಗನ್ ನುಡಿಸುವವನು ಹಾಡು ನಿಲ್ಲಿಸಲಿಲ್ಲ, ಅದೇ ಸ್ವರದ ಮೇಲೆ ಕೈಯಿಟ್ಟು ಕಾಯುತ್ತ ಕೂತ, ಬಾಗಿಲು ಹಿಡಿದು ನಿಂತವನ ಹಾಗೆ. ಹುಡುಗ ಮೂಗು ಒರೆಸಿಕೊಂಡ. ಮತ್ತೆ ಎತ್ತಿದಾಗ ದನಿ ಒಡಕಲಾಗೇ ಇತ್ತು. ಆದರೆ ಅಷ್ಟರಲ್ಲಿ ಇಡೀ ಚರ್ಚು ಆ ಸಾಲನ್ನು ಅವನ ಜೊತೆ ಎತ್ತಿಕೊಂಡಿತ್ತು. ಅವನ ಹಾಡು ಯಾವುದು, ಜನರದು ಯಾವುದು ಎಂದು ಬಿಡಿಸುವ ಹಾಗಿರಲಿಲ್ಲ. ಮುಗಿದ ಮೇಲೆ ಕಾಣಿಕೆ ತಟ್ಟೆ ಬಂತು. ಪಕ್ಕದಲ್ಲಿದ್ದವರು ಐದು ಡಾಲರ್ ಹಾಕಿ, ಮಡಚಿದ ಇನ್ನೊಂದು ನೋಟನ್ನು ಹುಡುಗನ ಕೋಟಿನ ಜೇಬಿಗೆ ತುರುಕಿದರು.

ಅದಕ್ಕೂ ಎರಡು ವಾರ ಮುಂಚೆ ನಮ್ಮವರ ಗಾಯನ ಸ್ಪರ್ಧೆಯಲ್ಲಿ ನಾನು ತೀರ್ಪುಗಾರನಾಗಿದ್ದೆ. ಸಾಹಿತ್ಯ ಮರೆತರೆ ಎರಡು ಅಂಕ ಕಡಿತ. ಒಂದು ಹುಡುಗಿ ಚರಣದಲ್ಲಿ ತಡವರಿಸಿದಾಗ ಸಭೆಯೆಲ್ಲ ಗಪ್‌ಚಿಪ್, ಅವಳ ಅಮ್ಮ ಮೊದಲ ಸಾಲಿನಿಂದ ಕಣ್ಣು ಬಿಡುತ್ತಿದ್ದರು. ನಾನು ನಿಯಮದಂತೆ ಎರಡು ಅಂಕ ಕಡಿದೆ.

ಈ ಹುಡುಗ ನಾಳೆ ದೊಡ್ಡವನಾಗಿ, ಕ್ರೀಡಾಂಗಣ ತುಂಬಿಸುವ ಗಾಯಕನಾಗಿ, "ಇದು ನಾನೇ ದುಡಿದದ್ದು" ಎಂದರೆ ಆ ಮುದುಕಿ ಸುಮ್ಮನಿರುತ್ತಾಳೆಯೆ? ಅವನ ಕಟ್ಟಿದ ಗಂಟಲನ್ನು ಬಿಡಿಸಿದವಳು ಅವಳು. ಕಪ್ಪು ಜನ ತಮ್ಮ ಕಲಾವಿದರನ್ನು "ನಮಗೇನು ಕೊಟ್ಟೆ" ಎಂದು ಕೇಳುವುದು ಉಪದೇಶಕ್ಕಲ್ಲ, ಸಾಲ ಕೊಟ್ಟವರ ಹಕ್ಕಿನಿಂದ. ನಮ್ಮ ಹಿರಿಯರು ಒಬ್ಬಟ್ಟು ತಿನ್ನುತ್ತ ಕೇಳಿದ್ದೂ ಅದೇ ಪ್ರಶ್ನೆ. ಆದರೆ ಯಾವ ಖಾತೆಯ ಮೇಲೆ ಕೇಳಿದರು?

ಡೆಟ್ರಾಯಿಟ್ಟಿನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಕತೆಯೂ ಇದೇ ಲೆಕ್ಕದ್ದು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನಲ್ಲಿ 2648ನೇ ನಂಬರಿನ ಮನೆ, ಈಗ ಮ್ಯೂಸಿಯಂ. ಹೊರಗಿನಿಂದ ನೋಡಿದರೆ ಯಾರೋ ಸ್ಕೂಲ್ ಮೇಷ್ಟರ ಮನೆಯ ಹಾಗಿದೆ, ಕಿಟಕಿಯ ಮೇಲೆ 'ಹಿಟ್ಸ್‌ವಿಲ್ ಯು.ಎಸ್.ಎ.' ಎಂದು ನೀಲಿ ಅಕ್ಷರ. ಬೆರ್ರಿ ಗಾರ್ಡಿ ಎಂಬಾತ ಕಾರಿನ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡಿ, ಅದೇ ಪದ್ಧತಿಯಲ್ಲಿ ಹಾಡು ತಯಾರಿಸಿದ ಎನ್ನುತ್ತಾರೆ. ನನ್ನಂಥ ಕ್ವಾಲಿಟಿಯವನಿಗೆ ಇದು ಬಹಳ ಹಿಡಿಸುವ ಕತೆ. ಅಲ್ಲಿ ಹಾಡುಗಳನ್ನು ಬಿಡುಗಡೆಗೆ ಮುಂಚೆ ಕೂತು ಪರೀಕ್ಷಿಸುವ ಕ್ವಾಲಿಟಿ ಕಂಟ್ರೋಲ್ ಮೀಟಿಂಗೂ ಇತ್ತು! ಬಂಡವಾಳ 1959ರಲ್ಲಿ 800 ಡಾಲರ್ ಸಾಲ. ಕೊಟ್ಟವರು ಬ್ಯಾಂಕಿನವರಲ್ಲ. ಗಾರ್ಡಿ ಕುಟುಂಬದ ಅಣ್ಣತಮ್ಮ ಅಕ್ಕತಂಗಿಯರು ಸೇರಿ ಕಟ್ಟುತ್ತಿದ್ದ ಒಂದು ಉಳಿತಾಯ ನಿಧಿ, ನಮ್ಮ ಮನೆಮಂದಿಯ ಚೀಟಿ ಹಾಗೆ.

ಮೋಟೌನ್ ಬೀದಿಗಿಳಿದು ಘೋಷಣೆ ಕೂಗಿದ ಕಂಪನಿಯಲ್ಲ. ಮ್ಯಾಕ್ಸಿನ್ ಪವೆಲ್ ಎಂಬ ಶಿಕ್ಷಕಿಯನ್ನು ಇಟ್ಟು, ಬಡ ಬಡಾವಣೆಗಳಿಂದ ಬಂದ ಹುಡುಗಿಯರಿಗೆ ಹೇಗೆ ಕೂರಬೇಕು, ಕಾರಿನಿಂದ ಹೇಗೆ ಇಳಿಯಬೇಕು ಎಂದು ಕಲಿಸಿತು, ರಾಜರಾಣಿಯರ ಮುಂದೆ ಹಾಡಲು ತಯಾರಾಗಿ ಎಂದಿತು. ನನಗೆ ಇದು ಸ್ವಲ್ಪ ಕಸಿವಿಸಿ. ಬಿಳಿಯರ ಕಣ್ಣಿಗೆ ಒಪ್ಪವಾಗಿ ಕಾಣುವ ಪಾಠ ಎನಿಸಿತು, ದೊಡ್ಡಮ್ಮನ ಮುಂದೆ ಹಾಗೇ ಅಂದೆ. ಬೈಸಿಕೊಂಡೆ. "ನಿನಗೇನು ಗೊತ್ತು? ನಾನು ಹುಡುಗಿಯಾಗಿದ್ದಾಗ ಟಿವಿಯಲ್ಲಿ ನಮ್ಮಂಥ ಮುಖ ಅಂದರೆ ಅಡುಗೆಯವಳು. ಮೋಟೌನಿನ ಸುಪ್ರೀಮ್ಸ್ ಹುಡುಗಿಯರು ಟಿವಿಗೆ ಬಂದ ರಾತ್ರಿ ಬೀದಿಯವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಟಿವಿ ಹಾಕಿ ಅಂತಿದ್ದರು." ನನ್ನ ಟೀಕೆ ಪೂರ್ತಿ ಸುಳ್ಳಾಗಲಿಲ್ಲ. ಆದರೆ ಅದನ್ನು ಹೇಳಲು ನಾನು ನಿಂತ ಜಾಗ ಸರಿಯಿರಲಿಲ್ಲ.

ಹೊರಗೆ ಇಷ್ಟು ನಯವಾಗಿದ್ದ ಇದೇ ಕಂಪನಿ 1963ರ ಜೂನ್ 23ರಂದು ವುಡ್‌ವರ್ಡ್ ಅವೆನ್ಯೂದಲ್ಲಿ ಕಪ್ಪು ಜನರ ಹಕ್ಕಿಗಾಗಿ ಲಕ್ಷಕ್ಕೂ ಮಿಕ್ಕ ಜನ ನಡೆದಾಗ, ಕೋಬೊ ಹಾಲಿನಲ್ಲಿ ಕಿಂಗ್ ಮಾಡಿದ ಭಾಷಣವನ್ನು ಮುದ್ರಿಸಿ ರೆಕಾರ್ಡಾಗಿ ಹೊರತಂದಿತು. ವಾಷಿಂಗ್ಟನ್ನಿನ ಪ್ರಸಿದ್ಧ ಭಾಷಣದ 'ನನಗೊಂದು ಕನಸಿದೆ' ಎಂಬ ಮಾತು ಅದಕ್ಕೆ ಎರಡು ತಿಂಗಳು ಮುಂಚೆ ಡೆಟ್ರಾಯಿಟ್ ಕಿವಿಗೆ ಬಿದ್ದಿತ್ತು. ಆ ಮೆರವಣಿಗೆಯ ಮುಂದಾಳುಗಳಲ್ಲಿ ಅರೀಥಾರ ಅಪ್ಪ ಒಬ್ಬರು.

ಆಮೇಲೆ ಜಗಳವೂ ಆಯಿತು. ಮಾರ್ವಿನ್ ಗೇ ಎಂದರೆ ಮೋಟೌನಿನ ಪ್ರೇಮಗೀತೆಗಳ ರಾಜ. ಅವನ ತಮ್ಮ ವಿಯೆಟ್ನಾಂ ಯುದ್ಧದಿಂದ ಬಂದು ಅಲ್ಲಿ ಕಂಡದ್ದನ್ನು ಹೇಳಿದ್ದ. ಫೋರ್ ಟಾಪ್ಸ್ ತಂಡದ ಗೆಳೆಯನೊಬ್ಬ ಬರ್ಕ್ಲಿಯಲ್ಲಿ ಪೊಲೀಸರು ಹುಡುಗರನ್ನು ಬಡಿಯುವುದನ್ನು ನೋಡಿ ಒಂದು ಹಾಡಿನ ಎಳೆ ತಂದಿದ್ದ. ಎರಡೂ ಸೇರಿ 'ವಾಟ್ಸ್ ಗೋಯಿಂಗ್ ಆನ್' ಆಯಿತು. ಗಾರ್ಡಿಗೆ ಇಷ್ಟವಾಗಲಿಲ್ಲ, ಇದು ಮಾರಾಟವಾಗುವ ಸರಕಲ್ಲ ಎಂದ. ಮಾರ್ವಿನ್ ಹಟ ಹಿಡಿದ. 1971ರ ಜನವರಿಯಲ್ಲಿ ಹಾಡು ಬಂತು, ಮಾರಾಟವೂ ಆಯಿತು, ಮೇ ತಿಂಗಳಲ್ಲಿ ಪೂರ್ತಿ ಆಲ್ಬಂ. ವರ್ಷಗಟ್ಟಲೆ ಹೆಸರಿಲ್ಲದೆ ನುಡಿಸುತ್ತಿದ್ದ ಫಂಕ್ ಬ್ರದರ್ಸ್ ವಾದ್ಯಗಾರರ ಹೆಸರು ಮೋಟೌನ್ ಹೊದಿಕೆಯ ಮೇಲೆ ಅಚ್ಚಾದದ್ದು ಆ ಆಲ್ಬಮ್ಮಿನಲ್ಲೇ. ಜನರ ಋಣದ ಹಾಡು ಬಂದಾಗಲೇ ಒಳಗಿನವರ ಬಾಕಿಯೂ ಸ್ವಲ್ಪ ತೀರಿತು. ಪೂರ್ತಿ ಅಲ್ಲ, ಹೆಸರಷ್ಟೇ.

ಮರುವರ್ಷ, 1972ರಲ್ಲಿ, ಮೋಟೌನ್ ಲಾಸ್ ಏಂಜಲೀಸಿಗೆ ಎದ್ದುಹೋಯಿತು. ಸ್ಟುಡಿಯೋ ಬಾಗಿಲಿಗೆ ಅಂಟಿಸಿದ ಚೀಟಿ ನೋಡಿ ವಾದ್ಯಗಾರರಿಗೆ ವಿಷಯ ತಿಳಿಯಿತೆಂದು ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಸರಿ. ಆದರೆ ದೊಡ್ಡಮ್ಮನ ಬಾಯಲ್ಲಿ ಆ ಮಾತು ಬಂದರೆ ಐವತ್ತು ವರ್ಷದ ಹಿಂದಿನದು ಎನಿಸುವುದಿಲ್ಲ, ಮನೆಬಿಟ್ಟು ಹೋದ ಅಳಿಯನ ಸುದ್ದಿಯ ಹಾಗಿರುತ್ತದೆ. "ಹೋಗಲಿ, ಹೇಳಿ ಹೋಗಬಹುದಿತ್ತು."

ಸಾಲ ಕೊಟ್ಟವರು ಯಾವಾಗಲೂ ಮೃದುವಾಗಿರುತ್ತಾರೆಂದಲ್ಲ. 1956ರ ಏಪ್ರಿಲ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಬಿಳಿಯರಿಗೇ ಮೀಸಲಾದ ಸಭೆಗೆ ಹಾಡುತ್ತಿದ್ದ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್ ಮೇಲೆ ಬಿಳಿಯ ಪುಂಡರು ವೇದಿಕೆ ಹತ್ತಿ ಹಲ್ಲೆ ಮಾಡಿದರು. ಪೆಟ್ಟು ತಿಂದವನಿಗೆ ಸಮಾಧಾನ ಹೇಳಬೇಕಲ್ಲ? ಕಪ್ಪು ಜನರ ಪತ್ರಿಕೆಗಳು ಅವನನ್ನೇ ತರಾಟೆಗೆ ತೆಗೆದುಕೊಂಡವು: ನಮ್ಮನ್ನು ಹೊರಗಿಟ್ಟ ಸಭೆಗೆ ಹಾಡಲು ಹೋದದ್ದೇಕೆ? ಕೋಲ್ ನೊಂದುಕೊಂಡ. ಆದರೆ 500 ಡಾಲರ್ ಕಟ್ಟಿ, ಕಪ್ಪು ಜನರ ಹಕ್ಕುಗಳ ಸಂಸ್ಥೆಯಾದ ಎನ್.ಎ.ಎ.ಸಿ.ಪಿ.ಯ ಡೆಟ್ರಾಯಿಟ್ ಶಾಖೆಯ ಆಜೀವ ಸದಸ್ಯನಾದ. ನನಗೆ ಇದು ಕ್ರೂರವೆನಿಸುತ್ತದೆ, ಈಗಲೂ. ಹಾಡುಗಾರನಿಗೆ ಬರೀ ಹಾಡಿಕೊಂಡಿರುವ ಹಕ್ಕಿಲ್ಲವೆ? ಇದೆ. ಆದರೆ ಬರೀ ಹಾಡಿಕೊಂಡಿರಲು ಬಿಡುವ ಊರು ಅವನಿಗೆ ಇರಲಿಲ್ಲ. ಅವನ ಹಾಡು ಹೋಗುವ ಬಾಗಿಲಲ್ಲಿ ಅವನ ಜನ ಹೋಗುವಂತಿರಲಿಲ್ಲ.

ಇನ್ನೊಂದು ತುದಿಯಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ. 1964ರಲ್ಲಿ ನಟ ಸಿಡ್ನಿ ಪಾಟಿಯೆ ಜೊತೆ 70,000 ಡಾಲರ್ ನಗದು ಚೀಲದಲ್ಲಿಟ್ಟುಕೊಂಡು ಮಿಸಿಸಿಪಿಯ ಗ್ರೀನ್‌ವುಡ್‌ಗೆ ಹೋದರು. ಅಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದ ಹುಡುಗರ ಕೈ ಬರಿದಾಗಿತ್ತು. ರಾತ್ರಿ ದಾರಿಯಲ್ಲಿ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕ್ಲ್ಯಾನ್‌ನವರ ಗಾಡಿಗಳು ಬೆನ್ನುಹತ್ತಿದವು. ಸ್ಟಾರ್ ಎಂದರೆ ಚೆಕ್ ಬರೆದು ಕಳಿಸುತ್ತಾನೆ ಎಂದುಕೊಂಡ ನನಗೆ ಆ ಚೀಲ ಬಹಳ ದಿನ ಕಾಡಿತು.

ಈಗ ರ‍್ಯಾಪ್‌ಗೆ ಬರುತ್ತೇನೆ. ಬೈಗುಳ ಇದೆ. ಹೆಣ್ಣುಮಕ್ಕಳ ಬಗ್ಗೆ ಕೇಳಲಾಗದ ಮಾತಿದೆ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಆ ಜಗಳ ಆ ಮನೆಯೊಳಗೇ ನಡೆದಿದೆ, ನಮ್ಮ ದೀಪಾವಳಿ ಊಟಕ್ಕಿಂತ ಎಷ್ಟೋ ಜೋರಾಗಿ. ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾದಲ್ಲಿ ಕಿಂಗ್ ಜೊತೆ ನಡೆದಿದ್ದ ಸಿ. ಡೆಲೋರೆಸ್ ಟಕರ್ ತೊಂಬತ್ತರ ದಶಕದಲ್ಲಿ ಗ್ಯಾಂಗ್‌ಸ್ಟಾ ರ‍್ಯಾಪ್ ವಿರುದ್ಧ ಬೀದಿಗಿಳಿದರು. ಹುಡುಗರು ಹಾಡಿನಲ್ಲೇ ಅವರನ್ನು ಹೀಯಾಳಿಸಿದರು. ಯಾರ ಪರ ನಿಲ್ಲಬೇಕೆಂದು ನನಗೆ ಇನ್ನೂ ಗೊತ್ತಿಲ್ಲ. ಅಜ್ಜಿ ಹೇಳಿದ್ದು ನ್ಯಾಯ. ಮೊಮ್ಮಕ್ಕಳು ಹೇಳಿದ್ದು, ನಮ್ಮ ಬೀದಿ ಹೀಗೇ ಇದೆ, ಬೀದಿ ಸರಿಮಾಡಿ ಆಮೇಲೆ ಹಾಡು ತಿದ್ದಿ ಎಂದು. ಅದೂ ನ್ಯಾಯ.

ನಿಪ್ಸಿ ಹಸಲ್ ಎಂಬ ರ‍್ಯಾಪರ್ ಲಾಸ್ ಏಂಜಲೀಸಿನ ಸ್ಲಾಸನ್ ರಸ್ತೆಯಲ್ಲಿ ಹುಡುಗನಾಗಿದ್ದಾಗ ಸಿ.ಡಿ. ಮಾರುತ್ತಿದ್ದ. ಗ್ಯಾಂಗಿನಲ್ಲೂ ಇದ್ದವನೇ. ದುಡ್ಡು ಬಂದ ಮೇಲೆ ಅಲ್ಲೇ ಬಟ್ಟೆ ಅಂಗಡಿ ಇಟ್ಟ, ಅಕ್ಕಪಕ್ಕದ ಹುಡುಗರಿಗೆ ಕೆಲಸ ಕೊಟ್ಟ, ಆಮೇಲೆ ಪಾಲುದಾರರ ಜೊತೆ ಸೇರಿ ಆ ಅಂಗಡಿ ಸಾಲನ್ನೇ ಕೊಂಡ. 2019ರ ಮಾರ್ಚ್ 31ರಂದು ಆ ಅಂಗಡಿಯ ಮುಂದೆಯೇ ಗುಂಡಿಗೆ ಬಲಿಯಾದ. ಮರುದಿನ ಗ್ಯಾಂಗ್ ಹಿಂಸೆ ತಡೆಯುವ ಬಗ್ಗೆ ಪೊಲೀಸ್ ಅಧಿಕಾರಿಗಳ ಜೊತೆ ಮಾತುಕತೆ ನಿಗದಿಯಾಗಿತ್ತು. ಬೇಸ್‌ಮೆಂಟಿನಲ್ಲಿ ಅವತ್ತು ಕೇಳಿಸುತ್ತಿದ್ದುದು ಅವನದೇ ಹಾಡೆಂದು ಆಮೇಲೆ ಮಗ ಹೇಳಿದ.

ನಮ್ಮ ಕಡೆಗೂ ಒಂದು ಮಾತು. ಅಣ್ಣಾವ್ರು 1982ರಲ್ಲಿ ಗೋಕಾಕ್ ಚಳವಳಿಗೆ ಇಳಿದಾಗ ಊರೂರು ಎದ್ದು ನಿಂತಿತು. ಅಭಿಮಾನಿಗಳನ್ನು ದೇವರು ಎಂದು ಕರೆದ ನಟ ಅವರು, ಅರೀಥಾರ ಲೆಕ್ಕವನ್ನೇ ನಮ್ಮ ಮಾತಿನಲ್ಲಿ ಹೇಳಿದ್ದರು ಎನ್ನಿ. ಅದರ ಮುಂಚಿನಿಂದಲೂ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಸಿದ್ದಲಿಂಗಯ್ಯನವರ ಹಾಡುಗಳು ಹಾಡಾಗಿ, ಹತಾರವಾಗಿ ಓಡಾಡಿದ್ದವು. ಹಾಗಾಗಿ ನಮಗೆ ಈ ಸಂಪ್ರದಾಯ ಇಲ್ಲವೆನ್ನುವಂತಿಲ್ಲ. ಆದರೆ ಈಚೆಗೆ ನಾವು ಕಲಾವಿದರಿಂದ ಕೇಳುವುದು ಹೇಳಿಕೆಯನ್ನು. ಕಾವೇರಿ ಗಲಾಟೆ ಬಂದರೆ ಯಾಕೆ ಬಾಯಿ ಬಿಡಲಿಲ್ಲ, ನವೆಂಬರ್ 1ಕ್ಕೆ ಯಾಕೆ ಪೋಸ್ಟ್ ಹಾಕಲಿಲ್ಲ. ಹೇಳಿಕೆ ಬಂದರೆ ಲೆಕ್ಕ ಚುಕ್ತಾ.

ಸಿನಿಮಾದವರಲ್ಲದ ಬೇರೆ ಕಲಾವಿದರಿಂದ ಏನೂ ಕೇಳುವುದಿಲ್ಲ, ಅವರಿಗೆ ಶಾಲು ಹೊದಿಸುತ್ತೇವೆ. ಸಿದ್ದಿಯರು ಎಂಬ ಆಫ್ರಿಕಾ ಮೂಲದ ಕನ್ನಡಿಗರು ಯಲ್ಲಾಪುರ, ಹಳಿಯಾಳದ ಕಾಡಿನಂಚಿನಲ್ಲಿ ತಲೆತಲಾಂತರದಿಂದ ಇದ್ದಾರೆ, ಡಮಾಮಿ ಎಂಬ ಡೋಲು ಬಾರಿಸಿ ಕುಣಿಯುತ್ತಾರೆ ಎನ್ನುವುದು ನನಗೆ ಡೆಟ್ರಾಯಿಟ್‌ಗೆ ಬಂದಮೇಲೆ ಸರಿಯಾಗಿ ತಿಳಿಯಿತು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಅಲ್ಲಿಯವರೆಗೆ ನಮ್ಮ ಪಾಲಿಗೆ ಅವರು ಉತ್ಸವದ ಮೆರವಣಿಗೆಯ ಒಂದು ಐಟಂ. ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ವಾಟ್ಸಾಪ್ ಗುಂಪು ಚಪ್ಪಾಳೆಗಳಿಂದ ತುಂಬಿತು. ನಮ್ಮೂರಲ್ಲಿ ತಮಟೆ ಬಾರಿಸುತ್ತಿದ್ದವರ ಮಕ್ಕಳು ಎಂಬತ್ತರ ದಶಕದಲ್ಲಿ "ಇನ್ನು ಹೆಣದ ಮುಂದೆ ಬಾರಿಸೋದಿಲ್ಲ" ಎಂದಾಗ ಪಂಚಾಯ್ತಿ ಸೇರಿಸಿದವರ ಮನೆಯವನು ನಾನು. ಚಪ್ಪಾಳೆ ಒತ್ತುವಾಗ ಬೆರಳು ತಡೆಯಿತು. ಒತ್ತಿದೆ.

ಮತ್ತೊಂದು ಲೆಕ್ಕವನ್ನು ನಮ್ಮ ಕೂಟಗಳಲ್ಲಿ ಯಾರೂ ತೆಗೆಯುವುದಿಲ್ಲ. 1965ಕ್ಕೆ ಮುಂಚೆ ಭಾರತದಿಂದ ಇಲ್ಲಿಗೆ ನೆಲೆಸಲು ಬರಲು ಇದ್ದ ಕೋಟಾ ವರ್ಷಕ್ಕೆ 100 ಜನ. ಆ ವರ್ಷದ ಆಗಸ್ಟಿನಲ್ಲಿ ಕಪ್ಪು ಜನರ ಮತದಾನದ ಹಕ್ಕಿನ ಕಾಯ್ದೆ ಬಂತು, ಅಕ್ಟೋಬರ್ 3ಕ್ಕೆ ದೇಶವಾರು ಕೋಟಾ ಕಿತ್ತುಹಾಕುವ ವಲಸೆ ಕಾಯ್ದೆಗೆ ಸಹಿ ಬಿತ್ತು. ಎರಡೂ ಒಂದೇ ಗಾಳಿಯಲ್ಲಿ ಬಂದವು. ಆ ಗಾಳಿ ಎಬ್ಬಿಸಲು ಚರ್ಚುಗಳಲ್ಲಿ ಹಾಡಿದರು, ಹಾಡಿನ ದುಡ್ಡಿನಿಂದ ಜಾಮೀನು ಕಟ್ಟಿದರು. ನಾವು ಆಮೇಲೆ ಸೂಟ್‌ಕೇಸ್ ಹಿಡಿದು ಬಂದು, ಒಳ್ಳೆ ಶಾಲೆ ಇರುವ ಕಡೆ ಮನೆ ಮಾಡಿ, ಅವರಿಗೆ ಜವಾಬ್ದಾರಿ ಇಲ್ಲ ಎಂದೆವು. ಅವರನ್ನು ಕರೆಯಲು ನಾವು ಬಳಸುವ ಆ ಪದವನ್ನೂ ನಮ್ಮ ಮಕ್ಕಳು ಬೇಸ್‌ಮೆಂಟಿನಿಂದ ಕೇಳಿಸಿಕೊಳ್ಳುತ್ತಾರೆ.

2018ರ ಆಗಸ್ಟ್ ಕೊನೆಯ ವಾರ ಅರೀಥಾರ ಪಾರ್ಥಿವ ಶರೀರವನ್ನು ಚಾರ್ಲ್ಸ್ ರೈಟ್ ಮ್ಯೂಸಿಯಂನಲ್ಲಿ ಇಟ್ಟಿದ್ದರು. ದೊಡ್ಡಮ್ಮ ರಜೆ ಹಾಕಿದರು, ನಾನೂ ಅರ್ಧ ದಿನ ಹಾಕಿದೆ. ಸಾಲು ಮ್ಯೂಸಿಯಂ ಸುತ್ತಿ ರಸ್ತೆಗೆ ಬಂದಿತ್ತು. ಬಿಸಿಲು. ಯಾರೋ ನೀರಿನ ಬಾಟಲಿ ಹಂಚುತ್ತಿದ್ದರು, ಯಾರೋ ಹಾಡು ಎತ್ತಿದರೆ ಸಾಲಿಗೆ ಸಾಲೇ ಹಿಡಿಯುತ್ತಿತ್ತು. ಒಳಗೆ ಆಕೆ ಕೆಂಪು ಉಡುಪಿನಲ್ಲಿ, ಕೆಂಪು ಚಪ್ಪಲಿ ಹಾಕಿಕೊಂಡು ಮಲಗಿದ್ದರು. ದೊಡ್ಡಮ್ಮ ಅಳಲಿಲ್ಲ. ಹೊರಬಂದು, "ತೀರಿಸಿಯೇ ಹೋದಳು" ಎಂದಷ್ಟೇ ಅಂದರು.

ಮೊದಲ ಸಲ ಅವರ ಚರ್ಚಿಗೆ ಹೋದ ದಿನದ ಊಟ ಹೇಳುವುದು ಬಿಟ್ಟಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಎಲ್ಲರಿಗೂ ಬಡಿಸಿದರು. ಕರಿದ ಕೋಳಿ, ಜೋಳದ ಬ್ರೆಡ್ಡು, ಕಾಲರ್ಡ್ ಎಂಬ ದಪ್ಪ ಎಲೆಯ ಸೊಪ್ಪು. ಸೊಪ್ಪು ಬೆಂದ ನೀರನ್ನು ಬಸಿಯದೆ ಬಿಟ್ಟಿದ್ದರು. ಬ್ರೆಡ್ಡು ಮುರಿದು ಅದರಲ್ಲಿ ಅದ್ದಿ ತಿನ್ನುವುದನ್ನು ದೊಡ್ಡಮ್ಮ ತೋರಿಸಿಕೊಟ್ಟರು. ಬಾಯಿಗೆ ಇಟ್ಟರೆ ನಮ್ಮ ಉಪ್ಸಾರು. ಮುದ್ದೆ ಒಂದು ಇರಲಿಲ್ಲ. ನನಗೆ ಊರು ನೆನಪಾಗಿ ಬಾಯಿ ಬಿಟ್ಟಿತು. ನಮ್ಮಲ್ಲೂ ಹೀಗೇ ಒಬ್ಬರು ಎತ್ತಿ ಉಳಿದವರು ಹಿಡಿಯುವ ಹಾಡಿದೆ, ನೀಲಗಾರರು ಅಂತ, ಮಂಟೇಸ್ವಾಮಿಯ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ, ಕೈಯಲ್ಲಿ ತಂಬೂರಿ ಗಗ್ಗರ, ಹಿಂದೆ ಸೊಲ್ಲು ಹಿಡಿಯುವ ಹಿಮ್ಮೇಳ, ದೀಕ್ಷೆ ತಗೊಂಡು ಹಾಡಿಕೊಂಡೇ ಬದುಕಬೇಕು ಎಂದೆಲ್ಲ ಹೇಳಿದೆ. ಚಿಕ್ಕಲ್ಲೂರು ಜಾತ್ರೆಯ ಚಳಿ ಹೇಳಿದೆ. ನಮ್ಮ ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದ ಅಜ್ಜನ ದನಿ ಹೇಳಿದೆ. ಅಮ್ಮ ಮೊರದಲ್ಲಿ ರಾಗಿ ತಂದು ಅವರ ಜೋಳಿಗೆಗೆ ಮೇಲಿನಿಂದ ಸುರಿಯುತ್ತಿದ್ದುದನ್ನೂ ಹೇಳಿದೆ.

ದೊಡ್ಡಮ್ಮ ಮೂಳೆ ಬದಿಗಿಟ್ಟು ಕೈ ಒರೆಸಿಕೊಂಡು ಕೇಳಿದರು: "ಅವರು ಒಳಗೆ ಬಂದು ನಿಮ್ಮ ಜೊತೆ ಊಟಕ್ಕೆ ಕೂರುತ್ತಿದ್ದರಾ?"

ಸೊಪ್ಪು ಇನ್ನೂ ಇದೆಯಾ ಎಂದು ನಾನು ಬಡಿಸುವವರ ಕಡೆ ತಟ್ಟೆ ಚಾಚಿದೆ.